ಮೀನಿನ ಚರ್ಮದ ಪಟ್ಟಿ ಕಟ್ಟುವ ಖುರ್ಷಿದಮ್ಮ

ಅಂಗೈ ಅಗಲದ ಒಂದು ಶೀಟಿಗೆ ಆರುನೂರ ನಲವತ್ತು ರೂಪಾಯಿ. ಸಲೈನ್ ಬಾಟಲಿಗೆ ನಲವತ್ತು. ಬ್ಯಾಂಡೇಜ್ ಸುರುಳಿಗೆ ಹದಿನೆಂಟು, ಗಾಜ್ ಬಟ್ಟೆಯ ಪೊಟ್ಟಣಕ್ಕೆ ಇಪ್ಪತ್ತೆರಡು, ಒಂದು ಜೊತೆ ಕೈಗವಸಿಗೆ ಹದಿನೈದು. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಬಸ್ಸು, ಅಲ್ಲಿಂದ ಕಡಹಿನಬೈಲಿಗೆ ಆಟೊ, ಹೋಗಿ ಬರಲು ಇನ್ನೂರು. ಎಲ್ಲ ಸೇರಿ ಒಂಬೈನೂರ ಮೂವತ್ತೈದು. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಲು ಎಪ್ಪತ್ತು ಸಾವಿರ.

“ಕತ್ತರ್ಸೋದು ಒಂದೇ ಸಲದ ಖರ್ಚು ಅಂತಾರೆ ಜನ. ಒಂದೇ ಸಲ ಅಲ್ಲ ಮಾರಾಯ್ರೆ. ಆಮೇಲೆ ದಿನಾ ಬಚ್ಚಲಿಗೆ ಎತ್ಕೊಂಡು ಹೋಗೋರು ಯಾರು? ಅದಕ್ಕೊಂದು ರೇಟು ಹಾಕಿ ನೋಡೋಣ.”

ಬೆಳಗಿನ ಆರು ಗಂಟೆ. ಕೊಪ್ಪದ ಪೇಟೆಬೀದಿಯ ಹಿಂದಿನ ಓಣಿಯಲ್ಲಿ ಐವತ್ತನಾಲ್ಕು ವರ್ಷದ ಖುರ್ಷಿದಾ ನಮಾಜು ಮುಗಿಸಿ, ಚಾಪೆ ಸುತ್ತಿಟ್ಟು, ಬಾಯಲ್ಲಿ ಈ ಲೆಕ್ಕ ಹೇಳುತ್ತಲೇ ಒಂದು ಹಳೆಯ ಬಿಸ್ಕತ್ತು ಡಬ್ಬಕ್ಕೆ ಸಾಮಾನು ತುಂಬುತ್ತಿದ್ದಾರೆ. ಕುದಿಸಿ ಒಣಗಿಸಿದ ಕತ್ತರಿ, ಚಿಮಟ ಒಂದು ಬಟ್ಟೆಯ ಗಂಟಿನಲ್ಲಿ. ಔಷಧಿ ಬೇರೆ. ಶೀಟು ಎಲ್ಲಕ್ಕಿಂತ ಮೇಲೆ, ಮಡಿಕೆ ಬೀಳದ ಹಾಗೆ. ಮೂರು ತಾಲೂಕಿನ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುವುದು ಅವರ ಕಸುಬು. ದಿನಕ್ಕೆ ಆರೇಳು ಮನೆ. ಜನ ಅವರನ್ನು ಸಿಸ್ಟರ್ ಎನ್ನುತ್ತಾರೆ. “ನಾನು ಸಿಸ್ಟರ್ ಅಲ್ಲ, ಓದಿದ್ದು ಏಳನೇ ಕ್ಲಾಸು” ಎಂದು ಅವರು ಪ್ರತಿ ಮನೆಯಲ್ಲೂ ಹೇಳುತ್ತಾರೆ. ಜನ ಮತ್ತೆ ಸಿಸ್ಟರ್ ಎಂದೇ ಕರೆಯುತ್ತಾರೆ.

ಗಂಡ ನಿಜಾಮುದ್ದೀನ್ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡವರು. ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ತಂದು ಡಬ್ಬದ ಪಕ್ಕ ಇಡುತ್ತಾರೆ. ಒಳಗೆ ಮೆತ್ತನೆ ರಬ್ಬರಿನ ಚಪ್ಪಲಿ. ಗಾಯ ತಾಗುವ ಜಾಗದಲ್ಲಿ ಅಟ್ಟೆಯನ್ನು ಗುಂಡಗೆ ಕೊರೆದಿದ್ದಾರೆ, ಮೈಭಾರ ಅಲ್ಲಿ ಬೀಳದಿರಲಿ ಎಂದು.

“ಬಲಗಾಲಿಂದು ಮಾತ್ರ ಇದೆ. ಎಡದ್ದು ಅವರ ಹಳೇದೇ ನಡೀತದೆ.”

“ಒಂಟಿ ಚಪ್ಪಲಿ ಮಾರೋ ಅಂಗಡಿ ಇಡೀ ಜಿಲ್ಲೇಲಿ ನಿಮ್ಮದೊಂದೇ.”

“ಮತ್ತೆಂತ ಮಾಡ್ಲಿ? ನೀನು ತರೋ ಗಿರಾಕಿಗಳು ಹಂಗೇ ಇದ್ದಾರೆ.”

ಖುರ್ಷಿದಾ ನಗುವುದಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದರೇನೋ. ಇವತ್ತು ಕಡಹಿನಬೈಲಿನ ಪುಟ್ಟಕ್ಕನ ಪಟ್ಟಿ ಬಿಚ್ಚುವ ದಿನ. ಬಿಚ್ಚಿದಾಗ ಗಾಯ ಕೂಡಿದ್ದರೆ ಕಾಲು ಪುಟ್ಟಕ್ಕನದು. ಮತ್ತೆ ಕಪ್ಪು ಕಂಡರೆ ಮೊಣಕಾಲ ಕೆಳಗೆ ಕತ್ತರಿಸುವುದೇ ಸೈ ಎಂದು ಶೃಂಗೇರಿಯ ಡಾಕ್ಟರು ಹೇಳಿಬಿಟ್ಟಿದ್ದಾರೆ.

ಖುರ್ಷಿದಾ ಹತ್ತೊಂಬತ್ತು ವರ್ಷ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರು. ನೆಲ ಒರೆಸಲು ಸೇರಿ, ಪಟ್ಟಿ ಕಟ್ಟುವವರ ಪಕ್ಕ ಟ್ರೇ ಹಿಡಿದು ನಿಂತು, ಕೊನೆಗೆ ತಾವೇ ಕಟ್ಟುವಷ್ಟಾದರು. ಹನ್ನೊಂದು ವರ್ಷದ ಹಿಂದೆ ಅಲ್ಲಿನ ಹಿರಿಯ ಡಾಕ್ಟರು ವಯಸ್ಸಾಗಿ ಬಾಗಿಲು ಹಾಕಿದರು. ಮೂರನೆಯ ದಿನವೇ ಖುರ್ಷಿದಾ ಮನೆ ಮುಂದೆ ಆಟೊ ನಿಂತಿತು. ಒಳಗೆ ಕಾಲಿಗೆ ಪಟ್ಟಿ ಸುತ್ತಿದ ಮುದುಕರೊಬ್ಬರು. “ಡಾಕ್ಟ್ರು ಹೋದ್ರೆ ಹೋಗ್ಲಿ, ಕಟ್ಟೋರು ನೀವಲ್ಲವಾ?” ಎಂದು ಆಟೊದಲ್ಲೇ ಕಾಲು ಚಾಚಿದರಂತೆ.

ಒಂದು ಮನೆಗೆ ಅವರು ತೆಗೆದುಕೊಳ್ಳುವುದು ನೂರೈವತ್ತು ರೂಪಾಯಿ. ಪುಕ್ಕಟೆ ಮಾಡುವುದಿಲ್ಲ. “ಪುಕ್ಕಟೆ ಕಟ್ಟಿದ ಪಟ್ಟಿಗೆ ಮರ್ಯಾದೆ ಇಲ್ಲ. ನಾನು ಗೇಟು ದಾಟೋದ್ರೊಳಗೆ ಬಿಚ್ಚಿ ನೋಡ್ತಾರೆ. ದುಡ್ಡು ಕೊಟ್ಟೋರು ಬಿಚ್ಚೋದಿಲ್ಲ. ಇಲ್ಲದೋರು ಬಾಳೆಗೊನೆ ಕೊಡ್ಲಿ, ನಾಲ್ಕು ಮೊಟ್ಟೆ ಕೊಡ್ಲಿ, ಎಂತಾದ್ರೂ ಕೊಡ್ಬೇಕು.” ಇದನ್ನು ಹೇಳುವಾಗ ಅವರ ದನಿಯಲ್ಲಿ ಸಂಕೋಚವಿಲ್ಲ.

ಶೀಟು ಅವರ ಕೈಗೆ ಬಂದದ್ದು ಐದು ವರ್ಷದ ಹಿಂದೆ, ಶೃಂಗೇರಿಯಲ್ಲಿ ವಾರಕ್ಕೆರಡು ದಿನ ಕೂರುವ ಸರ್ಜನ್ ಡಾಕ್ಟರ್ ಷಡಕ್ಷರಿಯವರಿಂದ. ಹೆಸರು ಕೊಲಾಜೆನ್. ಮೀನಿನ ಚರ್ಮದಿಂದ ತೆಗೆದು, ಶುದ್ಧ ಮಾಡಿ, ಹಪ್ಪಳದಷ್ಟು ತೆಳ್ಳಗೆ ಒಣಗಿಸಿದ್ದು. ಗಾಯದ ಮೇಲಿಟ್ಟರೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಐದಾರು ದಿನದಲ್ಲಿ ಕರಗಿ ಮೈಗೇ ಸೇರಿಹೋಗುತ್ತದೆ. ಅಷ್ಟರಲ್ಲಿ ಅದರಡಿ ಹೊಸ ಮಾಂಸ ಹಬ್ಬಬೇಕು. ಆದರೆ ಇಡುವ ಮೊದಲು ಡಾಕ್ಟರು ಸತ್ತ ಮಾಂಸ ತೆಗೆದಿರಬೇಕು, ಕೀವು ಇರಬಾರದು, ಪಾದಕ್ಕೆ ರಕ್ತ ಓಡುತ್ತಿರಬೇಕು, ಸಕ್ಕರೆ ಹಿಡಿತದಲ್ಲಿರಬೇಕು. ಇಷ್ಟಿಲ್ಲದೆ ಇಟ್ಟರೆ ದುಡ್ಡು ದಂಡ.

“ಮೊದಲನೇ ಸಲ ಇಟ್ಟದ್ದನ್ನ ಮರುದಿನ ನೋಡಿದ್ರೆ ಲೋಳೆ ಲೋಳೆ. ಕೀವು ಅಂದ್ಕೊಂಡು ಒರೆಸಿ ಬಿಸಾಕಿದೆ. ಇಪ್ಪತ್ತು ವರ್ಷಕ್ಕೂ ಮೇಲಿಂದ ದಿನಾ ತೊಳೆದ ಕೈ ಇದು, ಸುಮ್ನೆ ಇರ್ತದಾ? ಡಾಕ್ಟ್ರು ಬೈಲಿಲ್ಲ. ‘ಆರುನೂರು ರೂಪಾಯಿ ಒರೆಸಿದಿರಿ ಖುರ್ಷಿದಮ್ಮ’ ಅಂದ್ರು, ಅಷ್ಟೇ.” ಆಮೇಲೆ ಡಾಕ್ಟರು ಹೇಳಿದ ಮಾತನ್ನು ಅವರೀಗ ತಮ್ಮದೇ ಮಾಡಿಕೊಂಡಿದ್ದಾರೆ. “ಬಸಳೆಗೆ ಚಪ್ಪರ ಹಾಕಿದ ಹಾಗೆ ಇದು. ಬೆಳೆಯೋದು ಬಳ್ಳಿ, ಚಪ್ಪರ ಅಲ್ಲ. ದಿನಾ ಚಪ್ಪರ ಕಿತ್ತು ನೋಡ್ತಾ ಇದ್ರೆ ಬಳ್ಳಿ ಎಲ್ಲಿ ಹಬ್ತದೆ?”

ಮೀನಿನದು ಎಂಬುದನ್ನು ಅವರು ಯಾವ ಮನೆಯಲ್ಲೂ ಮುಚ್ಚಿಡುವುದಿಲ್ಲ. ಪೊಟ್ಟಣ ಒಡೆಯುವ ಮೊದಲೇ ಹೇಳುತ್ತಾರೆ. ಶೃಂಗೇರಿ ಕಡೆಯ ಅನ್ನಪೂರ್ಣಮ್ಮ ಎಂಬ ಹಿರಿಯರಿಗೂ ಹೇಳಿದರು. ಹೇಳಬೇಡಿ ಎಂದು ಮನೆಯವರು ಕಣ್ಸನ್ನೆ ಮಾಡುತ್ತಿದ್ದರೂ ಹೇಳಿದರು. ಆಕೆ ಎರಡು ದಿನ ಯೋಚಿಸಿ, “ಹಾಕು. ಗಾಯ ಮಾಯೋವರೆಗೆ ನಾನು ಅಡುಗೆಮನೆ ಹೊಸಿಲು ದಾಟೋದಿಲ್ಲ” ಎಂದರು. ಆರು ವಾರ ಜಗುಲಿಯ ಮಂಚ ಬಿಟ್ಟು ಕದಲಲಿಲ್ಲ. ಅಷ್ಟು ಬೇಗ ಮಾಯ್ದ ಗಾಯವನ್ನು ಖುರ್ಷಿದಾ ಇನ್ನೊಂದು ಕಂಡಿಲ್ಲ. “ಶೀಟು ಮಾಡಿದ್ದು ಅರ್ಧ, ಅವರ ಮಡಿ ಮಾಡಿದ್ದು ಅರ್ಧ” ಎನ್ನುತ್ತಾರೆ. ಬೇಡವೇ ಬೇಡ ಎಂದವರಿಗೆ ಸಮುದ್ರದ ಪಾಚಿಯಿಂದ ಮಾಡಿದ ಬೇರೆ ಪಟ್ಟಿ ಇದೆ. ತಿಳಿಸದೆ ಹಾಕಿದ್ದು ಗೊತ್ತಾದರೆ ಮಾತ್ರ, ಆ ಊರಿನಲ್ಲಿ ಮತ್ತೊಂದು ಬಾಗಿಲು ತನಗೆ ತೆರೆಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಕಳೆದ ವರ್ಷ ಅವರ ಕೈಗೆ ಬಂದ ಕಾಲುಗಳು ನಲವತ್ತೊಂದು. ಕೂಡಿದ್ದು ಮೂವತ್ತಮೂರು. ಐದರಲ್ಲಿ ಬೆರಳು ತೆಗೆಯಬೇಕಾಯಿತು. ಎರಡು ಕಾಲೇ ಹೋದವು. ಒಬ್ಬರು ತೀರಿಕೊಂಡರು. ಮೂವತ್ತಮೂರನ್ನು ಮಾತ್ರ ಹೇಳಿ ಸುಮ್ಮನಾಗುವುದು ಅವರಿಗೆ ಬರುವುದಿಲ್ಲ. ಬೆರಳು ಹೋದ ಐವರಲ್ಲಿ ಪುಟ್ಟಕ್ಕ ಒಬ್ಬರು.

ಪುಟ್ಟಕ್ಕನಿಗೆ ಐವತ್ತೆಂಟು. ಹದಿನೆಂಟರಿಂದ ಕಂಡವರ ತೋಟ, ಗದ್ದೆಗಳಲ್ಲಿ ಕೂಲಿ. ಹೋದ ವರ್ಷ ಆಷಾಢದಲ್ಲಿ ನಾಟಿ ಮುಗಿಸಿ ಬಂದು, ಚಳಿಗೆ ಬಚ್ಚಲೊಲೆಯ ಬಾಯಿಗೆ ಬಲಗಾಲು ಒಡ್ಡಿ ಕೂತಿದ್ದರು. ಮಳೆಗಾಲದಲ್ಲಿ ಊರಿನವರೆಲ್ಲ ಮಾಡುವುದೇ. ಆದರೆ ಸಕ್ಕರೆ ಕಾಯಿಲೆ ಹತ್ತು ವರ್ಷದಲ್ಲಿ ಅವರ ಪಾದದ ಅರಿವನ್ನೇ ತಿಂದುಹಾಕಿತ್ತು. ಬಿಸಿ ಯಾವುದು, ತಂಪು ಯಾವುದು ತಿಳಿಯುತ್ತಿರಲಿಲ್ಲ.

“ಎಂತೋ ಸುಟ್ಟ ವಾಸನೆ ಬಂತು” ಎಂದು ಪುಟ್ಟಕ್ಕ ಈಗಲೂ ಬೆರಗಿನಿಂದ ಹೇಳುತ್ತಾರೆ. “ಬೆಕ್ಕು ಒಲೆ ಹತ್ರ ಮಲಗ್ತದಲ್ಲ, ಅದ್ರ ಬಾಲ ಹತ್ಕೊಂಡ್ತು ಅಂದ್ಕೊಂಡು ಅದಕ್ಕೇ ಬೈದೆ. ಬಗ್ಗಿ ನೋಡಿದ್ರೆ ನನ್ನ ಕಾಲು.”

ಕಿರುಬೆರಳ ಬುಡದ ಅಂಗಾಲು ಬೆಂದಿತ್ತು. ತಿಂಗಳು ಕಳೆಯುವಷ್ಟರಲ್ಲಿ ಗಾಯ ಲಿಂಬೆಹಣ್ಣಿನಷ್ಟಾಯಿತು. ಪೇಟೆಯ ಆಸ್ಪತ್ರೆಯಲ್ಲಿ ಕಾಲು ತೆಗೆಯಬೇಕೆಂದರು. ಪುಟ್ಟಕ್ಕ ಸೊಸೆ ಮಾಲತಿಯ ಕೈ ಹಿಡಿದುಕೊಂಡು ಮಂಚದಿಂದ ಇಳಿದರು. “ಕಾಲು ಇಲ್ಲಿಟ್ಟು ನಾನು ಮನೆಗೆ ಬರೋದಿಲ್ಲ. ಎರಡೂ ಒಟ್ಟಿಗೆ ಬಂದಿತ್ತು, ಒಟ್ಟಿಗೆ ಹೋಗ್ಲಿ.” ಅತ್ತೆ, ಸೊಸೆ ಶೃಂಗೇರಿಗೆ ಹೋದರು. ಡಾಕ್ಟರ್ ಷಡಕ್ಷರಿ ಪಾದದ ನಾಡಿ ಹಿಡಿದು ನೋಡಿ, ರಕ್ತ ಓಡುತ್ತಿದೆ, ಪ್ರಯತ್ನಿಸಬಹುದು ಎಂದರು. ಸತ್ತ ಮಾಂಸ ತೆಗೆದರು, ಇನ್ಸುಲಿನ್ ಶುರು ಮಾಡಿದರು, ಖುರ್ಷಿದಾಗೆ ಫೋನು ಮಾಡಿದರು.

ಸೆಪ್ಟೆಂಬರಿನಿಂದ ವಾರಕ್ಕೊಂದು ಶೀಟು. ಪ್ರತಿ ಸಲವೂ ಖುರ್ಷಿದಾ ಗಾಯದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಿಡಿದು, ಪೆನ್ನಿನಿಂದ ಅಂಚು ಬರೆದುಕೊಂಡು ತಾರೀಖು ಹಾಕುತ್ತಾರೆ. ನವೆಂಬರಿನ ಹೊತ್ತಿಗೆ ಗೆರೆ ಹುಣಸೆಬೀಜದಷ್ಟಕ್ಕೆ ಇಳಿದಿತ್ತು. ಇನ್ನೆರಡು ವಾರ ಸಾಕು. ಹೊರಡುವಾಗ ಖುರ್ಷಿದಾ ಬಾಗಿಲಲ್ಲಿ ನಿಂತು ಹೇಳಿದರು: “ಪುಟ್ಟಕ್ಕ, ನಡೀಬೇಡಿ. ತೋಟಕ್ಕೆ ಹೋಗ್ಬೇಡಿ. ಕೂತೇ ಇರಿ.”

ಪುಟ್ಟಕ್ಕ ಮಾತು ಮೀರಲಿಲ್ಲ. ಕೂತೇ ಇದ್ದರು.

ಅಡಿಕೆ ಕೊಯ್ಲು ಶುರುವಾಗಿತ್ತು. ಪಕ್ಕದ ಮನೆಯ ಅಂಗಳದಲ್ಲಿ ಸುಲಿಯುವ ಹೆಂಗಸರು ಸಾಲದೆ, ಆ ಮನೆಯವರು ಪುಟ್ಟಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಮೆಟ್ಟುಗತ್ತಿಯ ಮುಂದೆ ಇಳಿಸಿದರು. ಒಂದು ಹೆಜ್ಜೆ ನಡೆಸಲಿಲ್ಲ. ಮೆಟ್ಟುಗತ್ತಿ ಎಂದರೆ ಮರದ ಹಲಗೆಗೆ ಸಿಕ್ಕಿಸಿದ ಬಾಗಿದ ಕತ್ತಿ. ಹಲಗೆ ಅಲ್ಲಾಡದಂತೆ ಬಲಗಾಲಿನಿಂದ ಮೆಟ್ಟಿ ಹಿಡಿದು, ಎರಡು ಕೈಯಲ್ಲೂ ಕಾಯಿ ಒತ್ತಿ ಸುಲಿಯಬೇಕು. ನಲವತ್ತು ವರ್ಷದಿಂದ ಪುಟ್ಟಕ್ಕ ಆ ಸುತ್ತಿನಲ್ಲೇ ಜೋರಾಗಿ ಸುಲಿಯುವವರು. ಆರು ದಿನ, ಬೆಳಗಿನಿಂದ ದೀಪ ಹಚ್ಚುವವರೆಗೆ, ಹುಣಸೆಬೀಜದಷ್ಟು ಉಳಿದ ಗಾಯದ ಮೇಲೆ ಮೈಭಾರ ಹಾಕಿ ಹಲಗೆ ಮೆಟ್ಟಿದರು. ನೋವು ತಿಳಿಯುವ ಕಾಲಾಗಿದ್ದರೆ ಮೊದಲ ದಿನವೇ ಏಳುತ್ತಿದ್ದರು.

ಏಳನೆಯ ದಿನ ಖುರ್ಷಿದಾ ಪಟ್ಟಿ ಬಿಚ್ಚಿದರು. ಮೊದಲು ವಾಸನೆ ಬಂತು. ಕೊನೆಯ ಎರಡು ಬೆರಳು ಇದ್ದಲಿನ ಬಣ್ಣಕ್ಕೆ ತಿರುಗಿದ್ದವು.

“ಎಂತ ಮಾಡಿದ್ರಿ ಪುಟ್ಟಕ್ಕ? ಎಲ್ಲಿಗೆ ನಡೆದ್ರಿ?”

“ಅಯ್ಯೋ, ಎಲ್ಲಿಗೂ ಇಲ್ಲ ಸಿಸ್ಟರ್! ನೀವೇ ಕೂತಿರಿ ಅಂದ್ರಲ್ಲ. ಕೂತೇ ಇದ್ದೆ. ಬೇಕಾದ್ರೆ ಮಾಲತೀನ ಕೇಳಿ.”

ಮಾಲತಿ ತಲೆಯಾಡಿಸಿದರು. ಅತ್ತೆ ಕೂತಲ್ಲಿಂದ ಏಳಲಿಲ್ಲ, ನೀರು ಕೂಡ ತಾನೇ ಒಯ್ದು ಕೊಟ್ಟೆ ಎಂದರು. ಆಮೇಲೆ ಎಲ್ಲಿ, ಹೇಗೆ ಕೂತಿದ್ದರು ಎಂಬುದು ಹೊರಬಿತ್ತು. ಖುರ್ಷಿದಾ ಆ ದಿನ ಮುಂದಿನ ಯಾವ ಮನೆಗೂ ಹೋಗಲಿಲ್ಲ.

ಡಿಸೆಂಬರಿನಲ್ಲಿ ಡಾಕ್ಟರ್ ಷಡಕ್ಷರಿ ಎರಡು ಬೆರಳು ತೆಗೆದರು. ತಪ್ಪು ರೋಗಿಯದು ಎಂದು ಬರೆದುಕೊಳ್ಳುವುದು ಸುಲಭವಿತ್ತು. ಖುರ್ಷಿದಾ ಬಿಡಲಿಲ್ಲ. “ಅವರದ್ದಲ್ಲ ಸರ್, ನಂದು. ನಾನು ಪೇಟೆಯವಳು. ಕೂತ್ಕೊಳ್ಳೋದು ಅಂದ್ರೆ ನಂಗೆ ಕುರ್ಚಿ ಕಣ್ಣಿಗೆ ಬರ್ತದೆ. ಕೂಲಿ ಮಾಡೋರಿಗೆ ಕೂತ್ಕೊಳ್ಳೋದೂ ಒಂದು ಕೆಲಸ ಅಂತ ಹೊಳೀಲೇ ಇಲ್ಲ.” ಡಾಕ್ಟರು “ನಂಗೂ ಹೊಳೀಲಿಲ್ಲ” ಎಂದರಂತೆ.

ಅಂದಿನಿಂದ ಅವರ ಕೆಲಸದ ರೀತಿ ಬದಲಾಗಿದೆ. ಹೊಸ ಮನೆಗೆ ಹೋದರೆ ಮೊದಲು ಗಾಯ ನೋಡುವುದಿಲ್ಲ. “ನೀವು ಎಂತ ಕೆಲಸ ಮಾಡೋದು? ಹ್ಯಾಂಗೆ ಕೂತು ಮಾಡ್ತೀರಿ? ಮಾಡಿ ತೋರ್ಸಿ” ಎನ್ನುತ್ತಾರೆ. ಜನ ಬರಿಗೈಯಲ್ಲಿ ಅಭಿನಯಿಸುತ್ತಾರೆ. ಭಂಡಿಗಡಿಯ ಒಬ್ಬ ದರ್ಜಿ ಇಲ್ಲದ ಹೊಲಿಗೆ ಯಂತ್ರದ ಪೆಡಲು ತುಳಿದು ತೋರಿಸಿದರು. ಗಾಯವಿದ್ದದ್ದು ತುಳಿಯುವ ಹಿಮ್ಮಡಿಯಲ್ಲೇ. ಸೀತೂರಿನ ಅಡುಗೆಯವರೊಬ್ಬರು ಒಲೆ ಮುಂದೆ ಒಂಟಿಗಾಲಲ್ಲಿ ನಿಲ್ಲುವುದನ್ನು ತೋರಿಸುವಾಗ ಮನೆಮಂದಿಯೆಲ್ಲ ನಕ್ಕರು. ಖುರ್ಷಿದಾ ನಗದೆ, ಅವರು ಯಾವ ಕಾಲಿನ ಮೇಲೆ ನಿಂತಿದ್ದಾರೆಂದು ನೋಡಿದರು.

ಬಸ್ಸು ನರಸಿಂಹರಾಜಪುರ ತಲುಪಿದಾಗ ಎಂಟು ದಾಟಿದೆ. ಆಟೊ ಇಳಿದು ಖುರ್ಷಿದಾ ಪುಟ್ಟಕ್ಕನ ಮನೆಯ ಮೆಟ್ಟಿಲು ಹತ್ತುತ್ತಾರೆ. ಪುಟ್ಟಕ್ಕ ಬಾಗಿಲ ಬಳಿ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದಾರೆ. ಪಕ್ಕದಲ್ಲಿ ನೂರೈವತ್ತು ರೂಪಾಯಿ ತಯಾರಾಗಿದೆ. ಬೆರಳು ತೆಗೆದ ಮೇಲೆ ಖುರ್ಷಿದಾ ಈ ಒಂದು ಮನೆಯಲ್ಲಿ ಮಾತ್ರ ದುಡ್ಡು ಮುಟ್ಟಿಲ್ಲ.

“ಇವತ್ತಾದ್ರೂ ತಗೊಳ್ಳಿ ಮಾರಾಯ್ತಿ” ಎನ್ನುತ್ತಾರೆ ಪುಟ್ಟಕ್ಕ. “ಹಿಂಗೆ ಪುಕ್ಕಟೆ ಕಟ್ತಾ ಇದ್ರೆ ನೀವು ಎಂತೋ ತಪ್ಪು ಮಾಡಿದ್ರಿ ಅಂತ ಊರಿಗೆಲ್ಲ ಗೊತ್ತಾಗ್ತದೆ.”

“ಗೊತ್ತಾಗ್ಲಿ ಬಿಡಿ.”

“ಗೊತ್ತಾಗಿ ಎಂತ ಬಂತು? ನನ್ನ ಬೆರಳು ಬತ್ತದಾ? ದುಡ್ಡು ತಗೊಂಡು ಸರಿಯಾಗಿ ಕೆಲಸ ಮಾಡಿ.”

ಖುರ್ಷಿದಾ ಕೈ ತೊಳೆದು, ಕೈಗವಸು ಹಾಕಿಕೊಂಡು, ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ. ಹೊರಗಿನ ಸುರುಳಿ ಬಿಚ್ಚಿ ಮಾಲತಿಯ ಕೈಗೆ ಕೊಡುತ್ತಾರೆ. ಒಳಗಿನ ಗಾಜ್ ಬಟ್ಟೆಗೆ ಸಲೈನ್ ಹನಿಸಿ ಕಾಯುತ್ತಾರೆ. ಒಣಗಿ ಅಂಟಿದ್ದನ್ನು ಎಳೆದರೆ ಹೊಸ ಚರ್ಮವೂ ಬರುತ್ತದೆ. ಐದು ನಿಮಿಷ. ಪುಟ್ಟಕ್ಕ ಮಾಡಿನ ಹಂಚು ನೋಡುತ್ತಿದ್ದಾರೆ. ಮಾಲತಿ ಪಾದ ನೋಡುವುದಿಲ್ಲ, ಖುರ್ಷಿದಾರ ಮುಖ ನೋಡುತ್ತಾರೆ. ಬಟ್ಟೆ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕಪ್ಪಿಲ್ಲ. ಬೆರಳಿದ್ದ ಕಡೆಯಿಂದ ಅಂಗಾಲಿನವರೆಗೆ ನಸುಗೆಂಪು, ಮಿನುಗುವ, ಈರುಳ್ಳಿ ಪೊರೆಯಷ್ಟು ತೆಳ್ಳನೆಯ ಚರ್ಮ. ಖುರ್ಷಿದಾ ಅಷ್ಟಕ್ಕೆ ಬಾಯಿ ಬಿಡುವುದಿಲ್ಲ. ಹೊಸ ಗಾಜ್ ಬಟ್ಟೆಯೊಂದನ್ನು ಅದರ ಮೇಲಿಟ್ಟು ಹಗುರಾಗಿ ಕೈ ಆನಿಸಿ ಕೂರುತ್ತಾರೆ. ಎಲ್ಲೋ ಒಂದು ಚೂರು ಬಿರುಕಿದ್ದರೂ ಬಟ್ಟೆ ಒದ್ದೆಯಾಗಬೇಕು. ಮಾಲತಿ ಗಡಿಯಾರ ನೋಡಿ ಹತ್ತು ನಿಮಿಷವಾಯಿತು ಎನ್ನುತ್ತಾರೆ. ಖುರ್ಷಿದಾ ಬಟ್ಟೆ ತೆಗೆದು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಒಣಗಿದೆ. ಅಚ್ಚ ಬಿಳಿ.

“ಕೂಡಿದೆ ಪುಟ್ಟಕ್ಕ.”

ಮಾಲತಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಾರೆ. ಪುಟ್ಟಕ್ಕ ಮಾತ್ರ ತುಂಬ ಹೊತ್ತು ಪಾದವನ್ನೇ ನೋಡುತ್ತಾರೆ. ಖುರ್ಷಿದಾ ಒಂದು ಫೋಟೊ ತೆಗೆದು ಡಾಕ್ಟರಿಗೆ ಕಳಿಸುತ್ತಾರೆ. ಚಪ್ಪಲಿ ತೊಡಿಸಿ, ಮೊದಲ ವಾರ ಬಾಗಿಲಿಂದ ಬಚ್ಚಲಿನವರೆಗೆ ಮಾತ್ರ, ದಿನಾ ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡಬೇಕು, ಒಲೆಯ ಹತ್ತಿರ ಕಾಲು ಒಯ್ಯಬಾರದು ಎಂದು ಒಂದೊಂದಾಗಿ ಹೇಳುತ್ತಾರೆ. ಇನ್ಸುಲಿನ್ ಬಿಡಬಾರದು ಎಂಬುದನ್ನು ಎರಡು ಸಲ ಹೇಳುತ್ತಾರೆ.

ಪುಟ್ಟಕ್ಕ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಆಮೇಲೆ ಕೇಳುತ್ತಾರೆ: “ಮುಂದಿನ ಕೊಯ್ಲಿಗೆ ಮೆಟ್ಟುಗತ್ತಿಗೆ ಕೂರ್ಬಹುದಲ್ಲ?”

“ಇಲ್ಲ.”

“ಎಡಗಾಲಲ್ಲಿ ಮೆಟ್ತೆ.”

“ಅದಕ್ಕೂ ಅರಿವಿಲ್ಲ ಪುಟ್ಟಕ್ಕ. ಬೇಡ.”

“ಇನ್ನು ಯಾವತ್ತೂ?”

ಸುಳ್ಳು ಹೇಳಿದರೆ ಈ ಗಳಿಗೆ ಸುಲಭವಾಗುತ್ತದೆ. ಮುಂದಿನ ವರ್ಷ ನೋಡೋಣ ಎಂದುಬಿಡಬಹುದು. ಖುರ್ಷಿದಾ ಹಲಗೆ ಮೆಟ್ಟುವ ಕಾಲುಗಳನ್ನು ಈಗ ಬಲ್ಲರು.

“ಯಾವತ್ತೂ.”

ಪುಟ್ಟಕ್ಕ ಬೆಂಚಿನ ಮೇಲಿನ ದುಡ್ಡನ್ನು ಎತ್ತಿ ಖುರ್ಷಿದಾರ ಮುಂದೆ ಹಿಡಿಯುತ್ತಾರೆ. ಈ ಸಲ ಖುರ್ಷಿದಾ ತೆಗೆದುಕೊಳ್ಳುತ್ತಾರೆ.

ಮುಂದಿನ ಮನೆಗೆ ಹೊರಟವರು ರಸ್ತೆಯಲ್ಲಿ ಆಟೊ ಕಾಯುತ್ತಾ ನಿಂತಿದ್ದಾರೆ. ಒಳ್ಳೆಯ ದಿನ ಅಲ್ಲವೇ ಎಂದು ಕೇಳಿದರೆ, “ಕಾಲು ಉಳೀತು” ಎನ್ನುತ್ತಾರೆ. “ಎರಡು ಬೆರಳು ಹೋಯ್ತು, ಅದು ನನ್ನ ಮಾತಿಂದ ಹೋಯ್ತು. ನಲವತ್ತು ವರ್ಷದ ಸುಲಿಯೋ ಕೆಲಸ ಹೋಯ್ತು. ಉಳಿದದ್ದು ಕಾಲು. ಅದ್ರ ಮೇಲೆ ನಿಂತು ಅವರೀಗ ತಾವೇ ಬಚ್ಚಲಿಗೆ ಹೋಗ್ತಾರೆ.”